1.2 ಕೆಜಿ ಹೌಸಿಂಗ್‌ನ ಕಾರ್ಬನ್ ಲೆಕ್ಕ ಹಾಕಿದ ಆರು ತಿಂಗಳು

2024ರ ಫೆಬ್ರವರಿಯಲ್ಲಿ ನಮ್ಮ ಫ್ಯಾಕ್ಟರಿಗೆ ಒಂದು ಮೇಲ್ ಬಂತು. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಘಟಕ. ಕಾರಿಗೆ ಬೇಕಾದ ಆಯಿಲ್ ಪಂಪ್ ಹೌಸಿಂಗ್ (ಪಂಪಿನ ಹೊರಕವಚ), ಬ್ರ್ಯಾಕೆಟ್, ಕವರ್ ಮಾಡುತ್ತೇವೆ. ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮೇಲ್ ಕಳಿಸಿದ್ದು ಜರ್ಮನಿಯ ಗ್ರಾಹಕರು. ನೀವು ಕೊಡುವ ಪಂಪ್ ಹೌಸಿಂಗ್‌ನ ಕಾರ್ಬನ್ ಫುಟ್‌ಪ್ರಿಂಟ್ ಎಷ್ಟು, ಐಎಸ್‌ಒ 14067 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಲೆಕ್ಕ ಹಾಕಿ ಆರು ತಿಂಗಳೊಳಗೆ ಕೊಡಿ, ಹೊರಗಿನವರಿಂದ ಪರಿಶೀಲನೆಯನ್ನೂ ಮಾಡಿಸಿ, ಅಂತ ಬರೆದಿದ್ದರು.

ಯಜಮಾನರು ಪ್ರಿಂಟ್ ತೆಗೆಸಿ ಎರಡು ಸಲ ಓದಿದರು. "ಇಷ್ಟು ವರ್ಷ ಬೆಲೆ ಕೇಳೋರು, ತೂಕ ಕೇಳೋರು. ಈಗ ಹೊಗೆ ಕೇಳ್ತಾ ಇದಾರಲ್ಲಮ್ಮ. ನೀನೇ ನೋಡು ಇದನ್ನ" ಅಂದರು. ನೋಡಿದೆ. ಆಗಸ್ಟ್‌ವರೆಗೂ ಅದನ್ನೇ ನೋಡಿದೆ. ನಮ್ಮಂಥ ಸಣ್ಣ ಘಟಕಗಳಿಗೆ ಇವತ್ತಲ್ಲ ನಾಳೆ ಇದೇ ಮೇಲ್ ಬರುತ್ತದೆ, ಆಗ ಯಾರಿಗಾದರೂ ಕೆಲಸಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಏನು ಅಂತ ಹೇಳಿಬಿಡುತ್ತೇನೆ. ಅದಿರು ಅಗೆಯುವುದು, ಲೋಹ ತೆಗೆಯುವುದು, ಕರಗಿಸುವುದು, ಕೊರೆಯುವುದು, ಸಾಗಿಸುವುದು, ಹೀಗೆ ಒಂದು ವಸ್ತು ತಯಾರಾಗುವ ಇಡೀ ದಾರಿಯಲ್ಲಿ ಎಷ್ಟು ಹಸಿರುಮನೆ ಅನಿಲ ಗಾಳಿಗೆ ಸೇರಿತು ಅನ್ನುವುದು. ಮೀಥೇನ್‌ನಂಥ ಬೇರೆ ಅನಿಲಗಳನ್ನೂ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಮಾಡಿ, ಒಟ್ಟು ಇಷ್ಟು ಕೆಜಿ ಕಾರ್ಬನ್ ಅಂತ ಹೇಳುತ್ತಾರೆ. ನಮಗೆ ಕೇಳಿದ್ದು ಗಣಿಯಿಂದ ನಮ್ಮ ಗೇಟ್‌ವರೆಗಿನ ಲೆಕ್ಕ. ಕಾರಿನಲ್ಲಿ ಓಡಾಡುವುದು, ಕೊನೆಗೆ ಗುಜರಿಗೆ ಹೋಗುವುದು ಗ್ರಾಹಕರ ಪಾಲಿನ ಲೆಕ್ಕ.

ಯುರೋಪಿನ ಗಡಿ ಕಾರ್ಬನ್ ತೆರಿಗೆಯ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಸಿಬಿಎಎಂ ಅಂತಾರಲ್ಲ, ಅದು. 2023ರ ಅಕ್ಟೋಬರ್ 1ರಿಂದ ವರದಿ ಕೊಡುವುದು ಶುರುವಾಗಿತ್ತು. ಆದರೆ ಆ ಪಟ್ಟಿಯಲ್ಲಿದ್ದದ್ದು ಅಲ್ಯೂಮಿನಿಯಂ, ಕಬ್ಬಿಣ, ಉಕ್ಕು, ಸಿಮೆಂಟ್, ಗೊಬ್ಬರದಂಥವು. ನಮ್ಮ ಹೌಸಿಂಗ್‌ನಂಥ ಸಿದ್ಧ ಬಿಡಿಭಾಗ ಅದರಲ್ಲಿರಲಿಲ್ಲ. ನಮಗೆ ಬಂದ ಮೇಲ್ ಕಾನೂನಿನದಲ್ಲ, ಗ್ರಾಹಕರು ತಮಗೆ ತಾವೇ ಹಾಕಿಕೊಂಡ ಗುರಿಯದು. ಇದು ಗೊತ್ತಾಗೋಕೇ ನನಗೆ ಎರಡು ವಾರ ಹೋಯಿತು.

ಬರ್ಲಿನ್‌ನಲ್ಲಿ ತಯಾರಾಗುವ ಓಪನ್ ಎಲ್‌ಸಿಎ ಅನ್ನುವ ತಂತ್ರಾಂಶ ಉಚಿತ. ಅದನ್ನು ಹಾಕಿಕೊಂಡೆ. ಲೋಹ, ಅನಿಲ, ಕರೆಂಟು, ಸಾಗಣೆಗಳ ಅಂಕಿ ಇರುವ ಡೇಟಾಬೇಸ್‌ಗೆ ಮಾತ್ರ ದುಡ್ಡು ಕೊಡಬೇಕು. ಹುಮ್ಮಸ್ಸಿನಲ್ಲಿ ಮೊದಲ ವಾರವೇ ಒಂದು ಲೆಕ್ಕ ಹಾಕಿಬಿಟ್ಟೆ. ಇಂಗಾಟ್ ಅಂದರೆ ಕರಗಿಸಲು ಕೊಳ್ಳುವ ಲೋಹದ ಗಟ್ಟಿ. 'ಅಲ್ಯೂಮಿನಿಯಂ ಇಂಗಾಟ್, ಜಾಗತಿಕ ಸರಾಸರಿ' ಅಂತ ಸಿಕ್ಕಿತು, ಕೆಜಿಗೆ ಸುಮಾರು 16 ಕೆಜಿ ಕಾರ್ಬನ್. ಅದನ್ನೇ ಹಾಕಿದೆ. ಉತ್ತರ 26 ಕೆಜಿ ದಾಟಿತು. ತೂಗಿದರೆ 1.2 ಕೆಜಿ ಇರುವ ಹೌಸಿಂಗ್‌ಗೆ 26 ಕೆಜಿ! ಯಜಮಾನರಿಗೆ ತೋರಿಸಲು ಕೈ ಬರಲಿಲ್ಲ. ಎಲ್ಲೋ ತಪ್ಪಿದೆ ಅನ್ನಿಸಿತು, ಎಲ್ಲಿ ಅಂತ ಗೊತ್ತಿರಲಿಲ್ಲ.

ಹಾಗಾಗಿ ಕಂಪ್ಯೂಟರ್ ಬಿಟ್ಟು ತಕ್ಕಡಿ ಹಿಡಿದೆ.

ಡೈ ಕಾಸ್ಟಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಕರಗಿದ ಲೋಹವನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತೇವೆ. ಒಂದು ಸಲ ನುಗ್ಗಿಸಿದರೆ ಒಂದು ಶಾಟ್. ನಮ್ಮ ಹೌಸಿಂಗ್‌ನ ಶಾಟ್‌ಗೆ 2.25 ಕೆಜಿ ಲೋಹ ಬೇಕು. ಅದರಲ್ಲಿ ಲೋಹ ಹರಿದು ಬರುವ ದಾರಿಯಲ್ಲೂ ಅಂಚಿನಲ್ಲೂ ಗಟ್ಟಿಯಾಗಿ ಉಳಿಯುವ ರನ್ನರ್, ಬಿಸ್ಕೆಟ್, ಓವರ್‌ಫ್ಲೋ ಎಲ್ಲ ಸೇರಿ 900 ಗ್ರಾಂ ಕತ್ತರಿಸಿ ಮತ್ತೆ ಫರ್ನೇಸ್‌ಗೆ ಹೋಗುತ್ತದೆ. ಉಳಿದ 1.35 ಕೆಜಿಯಲ್ಲಿ 150 ಗ್ರಾಂ ಸಿಎನ್‌ಸಿ ಅನ್ನುವ ಕಂಪ್ಯೂಟರ್ ನಿಯಂತ್ರಿತ ಕೊರೆಯುವ ಮಷಿನ್‌ನಲ್ಲಿ ಚಿಪ್ಸ್ ಆಗಿ ಉದುರುತ್ತದೆ. ಇನ್ನು ಕರಗಿಸುವಾಗ ಮೇಲೆ ಕಟ್ಟುವ ಕಿಟ್ಟ, ಅದಕ್ಕೆ ಡ್ರಾಸ್ ಅಂತಾರೆ. ಸ್ಟೋರ್ ರಿಜಿಸ್ಟರ್ ಪ್ರಕಾರ ಒಂದು ಒಳ್ಳೆಯ ಪೀಸ್‌ಗೆ 1.38 ಕೆಜಿ ಇಂಗಾಟ್ ಖರ್ಚಾಗುತ್ತಿತ್ತು. ನಾನು ಮೂರು ವಾರ ಪ್ರತಿ ಶಿಫ್ಟ್ ತೂಗಿಸಿದೆ. 1.45 ಬಂತು. ಡ್ರಾಸ್‌ನ ತೂಕವನ್ನು ಯಾರೂ ಯಾವತ್ತೂ ಬರೆದಿಟ್ಟಿರಲಿಲ್ಲ, ಅದು ಬಕೆಟ್‌ನಲ್ಲಿ ಹೋಗುತ್ತಿತ್ತು, ತಿಂಗಳಿಗೊಮ್ಮೆ ಗುಜರಿಯವರು ಬಂದು ಒಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದರು. 70 ಗ್ರಾಂ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಮುಂದೆ ಅದನ್ನು ಲೋಹದ ಅಂಕಿಯಿಂದ ಗುಣಿಸಬೇಕು, ಆಗ ಸಣ್ಣದಲ್ಲ.

ಆಮೇಲೆ ಕರೆಂಟು. ಇಡೀ ಫ್ಯಾಕ್ಟರಿಗೆ ಬೆಸ್ಕಾಂನ ಒಂದೇ ಮೀಟರ್. ಆರು ಕಾಸ್ಟಿಂಗ್ ಮಷಿನ್, ಕರಗಿದ ಲೋಹವನ್ನು ಬಿಸಿಯಾಗಿ ಹಿಡಿದಿಡುವ ಆರು ಹೋಲ್ಡಿಂಗ್ ಫರ್ನೇಸ್, ಕಂಪ್ರೆಸರ್, ಸಿಎನ್‌ಸಿ, ವಾಷಿಂಗ್ ಮಷಿನ್, ಎಲ್ಲದಕ್ಕೂ ಸೇರಿ ತಿಂಗಳಿಗೆ ಒಂದು ಬಿಲ್. ಬಿಲ್ಲನ್ನು ಒಟ್ಟು ಟನ್‌ಗೆ ಭಾಗಿಸಿದರೆ ಉತ್ತರವೇನೋ ಬರುತ್ತದೆ. ಆದರೆ ಲೀಕ್ ಟೆಸ್ಟ್ ಮಾಡಿ, ನಾಲ್ಕು ಕಡೆ ಕೊರೆದು ಕಳಿಸುವ ಹೌಸಿಂಗ್‌ಗೂ ಎರಡು ತೂತು ಹಾಕಿ ಕಳಿಸುವ ಬ್ರ್ಯಾಕೆಟ್‌ಗೂ ಒಂದೇ ಅಂಕಿ ಬೀಳುತ್ತದೆ. ಅದು ನ್ಯಾಯ ಅಲ್ಲ ಅಲ್ವಾ? ಹಾಗಾಗಿ ತಂತಿಗೆ ಕ್ಲಾಂಪ್ ಹಾಕಿ ಅಳೆಯುವ ಲಾಗರ್ ಬಾಡಿಗೆಗೆ ತಂದು ಒಂದೊಂದು ಮಷಿನ್‌ಗೂ ಮೂರು ಮೂರು ದಿನ ಕಟ್ಟಿದೆವು.

ಹೋಲ್ಡಿಂಗ್ ಫರ್ನೇಸ್ ನೋಡಿಕೊಳ್ಳುವ ಅಣ್ಣ ಗದಗದ ಕಡೆಯವರು. ಇಪ್ಪತ್ತು ವರ್ಷದಿಂದ ಅದೇ ಬಿಸಿಯ ಮುಂದೆ ನಿಂತವರು. ನಾನು ಲಾಗರ್ ಕಟ್ಟುವುದನ್ನು ನೋಡುತ್ತಿದ್ದ ಅವರು, "ಐತವಾರ ಬಂದು ನೋಡ್ರಿ ಮೇಡಂ. ಮಂದಿಗೆ ಸೂಟಿ ಇರ್ತೈತಿ, ಇದಕ್ಕ ಇರಂಗಿಲ್ರಿ" ಅಂದರು.

ಭಾನುವಾರ ಹೋದೆ. ಶೆಡ್ ಖಾಲಿ. ಒಂದು ಮಷಿನ್ನೂ ಓಡುತ್ತಿಲ್ಲ. ಆದರೂ ಒಳಗೆ ಕಾಲಿಟ್ಟರೆ ಸೆಕೆ. ಆರೂ ಫರ್ನೇಸ್‌ಗಳಲ್ಲಿ ಲೋಹ ಕರಗಿದ ಹಾಗೇ ಇತ್ತು. ಪೂರ್ತಿ ಆರಿಸಿದರೆ ಲೋಹ ಗಟ್ಟಿಯಾಗಿ ಅದನ್ನು ಹಿಡಿದಿರುವ ಪಾತ್ರೆ, ಅಂದರೆ ಕ್ರೂಸಿಬಲ್, ಬಿರುಕು ಬಿಡುತ್ತದೆ, ಅದಕ್ಕೆ ಆರಿಸುವುದಿಲ್ಲ. ಮಷಿನ್ ಸದ್ದು ಇಲ್ಲದ್ದರಿಂದ ಇನ್ನೊಂದು ಸದ್ದು ಕೇಳಿಸಿತು. ಗಾಳಿಯ ಪೈಪುಗಳಲ್ಲಿ ಅಲ್ಲಲ್ಲಿ ಉಸ್ ಅನ್ನುವುದು. ಸಾಬೂನು ನೀರು ಹಚ್ಚಿಕೊಂಡು ಹೋದರೆ 23 ಕಡೆ ಗುಳ್ಳೆ ಎದ್ದವು. ಕೆಲಸದ ದಿನ ನಮಗೆ ಸುಮಾರು 8,000 ಯೂನಿಟ್ ಬೇಕು. ಆ ಭಾನುವಾರ, ಒಂದೂ ಪೀಸ್ ಮಾಡದೆ, 2,100 ಯೂನಿಟ್ ಖರ್ಚಾಗಿತ್ತು. ಅದರಲ್ಲಿ 1,700 ಬರೀ ಲೋಹವನ್ನು ಬಿಸಿಯಾಗಿ ಹಿಡಿದಿಡೋಕೆ. ಅಂದರೆ ವಾರದ ಏಳೂ ದಿನ ಅಷ್ಟು ಕರೆಂಟು ಫರ್ನೇಸ್‌ನ ಬಾಯಿಯಿಂದ ಶಾಖವಾಗಿ ಹೊರಗೆ ಹೋಗುತ್ತಿತ್ತು. ಬಿಲ್ಲನ್ನು ಭಾಗಿಸಿ ಕೂತಿದ್ದರೆ ಇದು ಯಾವತ್ತೂ ಕಾಣುತ್ತಿರಲಿಲ್ಲ.

ಎಲ್ಲ ಕೂಡಿಸಿ ಹೌಸಿಂಗ್ ಒಂದಕ್ಕೆ 2.6 ಯೂನಿಟ್ ಬಂತು. ಯೂನಿಟ್ ಒಂದಕ್ಕೆ ಎಷ್ಟು ಕಾರ್ಬನ್? ನಾನು ಖುಷಿಯಲ್ಲಿದ್ದೆ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಜಲವಿದ್ಯುತ್, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್, ಚಿತ್ರದುರ್ಗ ಗದಗದ ಗಾಳಿಯಂತ್ರಗಳು, ನಮ್ಮ ರಾಜ್ಯದ ಕರೆಂಟು ಎಷ್ಟೋ ಚೊಕ್ಕ ಅಂತ. ಆದರೆ ಹಾಗೆ ಲೆಕ್ಕ ಹಿಡಿಯಲು ಬರುವುದಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರಿಕೊಂಡಿತು. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಗ್ರಿಡ್. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಕೊಡುವ ಅಂಕಿಯೂ ದೇಶಕ್ಕೆಲ್ಲ ಒಂದೇ. 2022-23ಕ್ಕೆ ಅದು ಯೂನಿಟ್‌ಗೆ 0.716 ಕೆಜಿ. ಸೋಲಾರ್ ಕರೆಂಟನ್ನು ನಮ್ಮ ಹೆಸರಿಗೆ ಒಪ್ಪಂದ ಮಾಡಿಕೊಂಡು ಕೊಂಡಿದ್ದರೆ ಮಾತು ಬೇರೆ, ನಾವು ಕೊಂಡಿರಲಿಲ್ಲ. ಇನ್ನೊಂದು ವಿಷಯ, ಈ 0.716ರಲ್ಲಿ ತಂತಿಯಲ್ಲಿ ಸೋರುವ ಕರೆಂಟೂ ಇಲ್ಲ, ಕಲ್ಲಿದ್ದಲು ಅಗೆದು ತರುವ ಲೆಕ್ಕವೂ ಇಲ್ಲ. ಅವೆರಡನ್ನೂ ಸೇರಿಸಲೇಬೇಕು. ಸೇರಿಸಿದ ಮೇಲೆ ಹೌಸಿಂಗ್ ಒಂದಕ್ಕೆ ಕರೆಂಟಿನ ಪಾಲು 2.3 ಕೆಜಿ ಆಯಿತು.

ಇಂಗಾಟ್ ಕರಗಿಸುವ ದೊಡ್ಡ ಫರ್ನೇಸ್ ಎಲ್‌ಪಿಜಿಯದು, ಅದರ ಪಾಲು 0.8. ಡೀಸೆಲ್ ಜನರೇಟರ್, ಪ್ಯಾಕಿಂಗ್, ಕೂಲೆಂಟ್, ಡೈಗೆ ಹೊಡೆಯುವ ಸ್ಪ್ರೇ, ಇಂಗಾಟ್ ತರುವ ಲಾರಿ, ಎಲ್ಲ ಸೇರಿ 0.3. ಇವುಗಳ ಹಿಂದೆ ಜಾಸ್ತಿ ದಿನ ಕಳೆಯಬೇಡಿ. ನಾನು ರಟ್ಟಿನ ಡಬ್ಬದ ಮೇಲೆ ನಾಲ್ಕು ದಿನ ಕಳೆದೆ. ಅದರಿಂದ ಬದಲಾಗಿದ್ದು ಎರಡನೇ ದಶಮಾಂಶ ಅಷ್ಟೇ.

ಇನ್ನು ಉಳಿದಿದ್ದು ಇಂಗಾಟ್. ಇಡೀ ಲೆಕ್ಕದ ಜೀವ ಅಲ್ಲಿತ್ತು.

ನಾವು ಬಳಸುವುದು ಎಡಿಸಿ 12 ಅನ್ನುವ ಮಿಶ್ರಲೋಹ. ಅದನ್ನು ಸಾಮಾನ್ಯವಾಗಿ ಹಳೆ ಅಲ್ಯೂಮಿನಿಯಂ ಕರಗಿಸಿಯೇ ಮಾಡುತ್ತಾರೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಕೆಜಿಗೆ 14-15 ಯೂನಿಟ್ ಕರೆಂಟು ಬೇಕು. ಆ ಕರೆಂಟು ಕಲ್ಲಿದ್ದಲಿನದಾದರೆ ಕೆಜಿ ಲೋಹಕ್ಕೆ 18-20 ಕೆಜಿ ಕಾರ್ಬನ್ ಆಗುವುದು ಅದಕ್ಕೇ. ಹಳೆಯದನ್ನು ಕರಗಿಸಲು ಅದರ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ ಸಾಕು. ಹಾಗಾಗಿ ನನ್ನ ಮೊದಲ ಲೆಕ್ಕದ 16 ತಪ್ಪು, ಸುಮಾರು 1 ಅಂತ ಹಾಕಬೇಕು. ಆಗ ಇಂಗಾಟ್‌ನ ಪಾಲು 23ರಿಂದ ಒಂದೂವರೆಗೆ ಇಳಿಯುತ್ತದೆ! ನಮಗೆ ಸಲಹೆ ಕೊಡಲು ಬಂದವರೂ ಅದನ್ನೇ ಅಂದರು. 'ನೂರಕ್ಕೆ ನೂರು ಮರುಬಳಕೆ' ಅಂತ ಸಪ್ಲೈಯರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ, ಮುಗಿಯಿತು ಅಂದರು. ಪತ್ರವೂ ಎರಡೇ ದಿನದಲ್ಲಿ ಬಂತು.

ಪತ್ರ ಕೈಯಲ್ಲಿತ್ತು, ಮನಸ್ಸು ಒಪ್ಪಲಿಲ್ಲ. ಕಾರಿನ ಉದ್ಯಮದಲ್ಲಿ ಐಎಂಡಿಎಸ್ ಅನ್ನುವ ವ್ಯವಸ್ಥೆ 2000ನೇ ಇಸವಿಯಿಂದ ಇದೆ, ಪ್ರತಿ ಭಾಗದಲ್ಲೂ ಯಾವ ವಸ್ತು ಎಷ್ಟು ಗ್ರಾಂ ಇದೆ ಅಂತ ಅದರಲ್ಲಿ ಬರೆಯುತ್ತೇವೆ. ಸಿಲಿಕಾನ್ ಎಷ್ಟು, ತಾಮ್ರ ಎಷ್ಟು, ಎಲ್ಲ ಸಿಗುತ್ತದೆ. ಆದರೆ ಆ ಲೋಹ ಎಲ್ಲಿಂದ ಬಂತು ಅಂತ ಅದರ ಅಂಶಗಳನ್ನು ಅಳೆಯುವ ಯಾವ ಸ್ಪೆಕ್ಟ್ರೋಮೀಟರ್ ಕೂಡ ಹೇಳುವುದಿಲ್ಲ. ಹೊಸ ಅಲ್ಯೂಮಿನಿಯಂ ಪರಮಾಣುವಿಗೂ ಹಳೆಯದಕ್ಕೂ ವ್ಯತ್ಯಾಸವೇ ಇಲ್ಲ. ಹೋಗಿ ಕೇಳುವುದೊಂದೇ ದಾರಿ.

ಮೇ ತಿಂಗಳ ಒಂದು ಬೆಳಗ್ಗೆ ಮಾಲೂರಿಗೆ ಹೋದೆ. ಇಂಗಾಟ್ ಮಾಡುವ ಘಟಕ ಅಲ್ಲಿದೆ. ಅಂಗಳದ ತುಂಬ ಗುಜರಿ ರಾಶಿ. ಚೆನ್ನೈ ಬಂದರಿನಿಂದ ಕಂಟೇನರ್‌ನಲ್ಲಿ ಬಂದದ್ದು. ಅವರ ಭಾಷೆಯಲ್ಲಿ ಒಂದೊಂದಕ್ಕೂ ಒಂದು ಹೆಸರು. ಹಳೆ ಕಾಸ್ಟಿಂಗ್‌ಗಳ ರಾಶಿಗೆ ಟೆನ್ಸ್, ಪುಡಿ ಮಾಡಿದ ಮಿಶ್ರ ಲೋಹಕ್ಕೆ ಝೋರ್ಬಾ, ಕಾರಿನ ಚಕ್ರಗಳಿಗೆ ಟ್ರೋಮಾ. ಟೆನ್ಸ್ ರಾಶಿಯಲ್ಲಿ ಯಾವುದೋ ದೇಶದ ಯಾವುದೋ ಕಾರಿನ ಆಯಿಲ್ ಪಂಪ್ ಹೌಸಿಂಗ್ ಒಂದು ಬಿದ್ದಿತ್ತು. ಹೆಚ್ಚುಕಡಿಮೆ ನಮ್ಮದರ ಹಾಗೇ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತೆ. ಲೈಫ್ ಸೈಕಲ್ ಅಂತ ಮೂರು ತಿಂಗಳಿಂದ ಓದುತ್ತಿದ್ದೆ, ಆವತ್ತು ಕೈಗೆ ಸಿಕ್ಕಿತು.

ಒಳಗೆ ಫರ್ನೇಸ್ ಪಕ್ಕ, ಗೋಡೆಗೆ ಒರಗಿಸಿ, ಬೆಳ್ಳಗೆ ಹೊಳೆಯುವ ಇಂಗಾಟ್‌ಗಳ ಅಟ್ಟಿ ಇತ್ತು. ಗುಜರಿಯಿಂದ ಬಂದದ್ದಲ್ಲ, ಹೊಸ ಲೋಹ. ಇದು ಯಾಕೆ ಅಂತ ಫರ್ನೇಸ್ ಹತ್ತಿರ ಇದ್ದವರನ್ನು ಕೇಳಿದೆ. "ಅದಾ ಮೇಡಂ? ಕಬ್ಬಿಣ ಜಾಸ್ತಿ ಬಂದಾಗ ಹಾಕ್ತೀವಿ" ಅಂದರು, ಏನೂ ಮುಚ್ಚಿಡದೆ. ಎಡಿಸಿ 12ರಲ್ಲಿ ಕಬ್ಬಿಣ ಶೇ 1.3 ದಾಟಬಾರದು. ಗುಜರಿಯಲ್ಲಿ ಕಬ್ಬಿಣದ ಬೋಲ್ಟು, ಲೈನರ್ ಅಂಟಿಕೊಂಡೇ ಬರುತ್ತವೆ. ಕರಗಿದ ಅಲ್ಯೂಮಿನಿಯಂಗೆ ಒಮ್ಮೆ ಸೇರಿದ ಕಬ್ಬಿಣವನ್ನು ತೆಗೆಯುವುದು ಬಹಳ ಕಷ್ಟ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಹಾಕುತ್ತೇವಲ್ಲ, ಹಾಗೆ ಹೊಸ ಅಲ್ಯೂಮಿನಿಯಂ ಸುರಿದು ತೆಳು ಮಾಡುತ್ತಾರೆ. ಇದು ಮೋಸ ಅಲ್ಲ, ಲೋಹ ಸರಿಬರಬೇಕಾದರೆ ಎಲ್ಲರೂ ಮಾಡುವುದೇ. ಆದರೆ ಕಾರ್ಬನ್ ಲೆಕ್ಕದಲ್ಲಿ ಆ ಒಂದೊಂದು ಬಿಳಿ ಇಂಗಾಟ್ ಹದಿನೆಂಟು ಪಟ್ಟು ಭಾರ.

ಎಷ್ಟು ಹಾಕುತ್ತೀರಿ ಅಂತ ಅವರ ಯಜಮಾನರನ್ನು ಕೇಳಿದಾಗ ಮುಖ ಗಂಟಾಯಿತು. ಅದು ನಮ್ಮ ಪಾಕ, ಹೇಳೋಕಾಗಲ್ಲ ಅಂದರು. ಅವರ ಮಾತೂ ಸರಿಯೇ. ಮೂರು ಸಲ ಹೋದೆ. ಕೊನೆಗೆ ನಮ್ಮ ಯಜಮಾನರೇ ಬಂದು ಕೂತರು. "ಪಾಕ ಬೇಡಪ್ಪ ನಮಗೆ. ವರ್ಷಕ್ಕೆ ಒಟ್ಟು ಎಷ್ಟು ಕರಗಿಸಿದ್ರಿ, ಅದರಲ್ಲಿ ಹೊಸದು ಎಷ್ಟು, ಎರಡೇ ಅಂಕಿ ಕೊಡಿ" ಅಂದರು. ಒಂದು ವರ್ಷದ ಮೆಲ್ಟ್ ರಿಜಿಸ್ಟರ್ ನನ್ನ ಮುಂದೆ ಬಂತು. ಎರಡು ದಿನ ಅಲ್ಲೇ ಕೂತು ಕೂಡಿಸಿದೆ. ಹೊಸ ಲೋಹ ಶೇ 12.

ಶೇ 12ನ್ನು 18ರಿಂದ ಗುಣಿಸಿದರೆ 2.2. ಉಳಿದ ಗುಜರಿ, ಅವರ ಫರ್ನೇಸ್‌ನ ಎಣ್ಣೆ, ಮೇಲೆ ಹಾಕುವ ಸಿಲಿಕಾನ್ ಸೇರಿ 1. ಅಂದರೆ ಕೆಜಿ ಇಂಗಾಟ್‌ಗೆ 3.2. ನಮ್ಮ 1.45 ಕೆಜಿಗೆ 4.6. ಪತ್ರವನ್ನು ನಂಬಿದ್ದರೆ ಮೂರು ಪಟ್ಟು ಕಡಿಮೆ ಬರೆದಿರುತ್ತಿದ್ದೆ, ಡೇಟಾಬೇಸ್‌ನ ಸರಾಸರಿಯನ್ನು ನಂಬಿದ್ದರೆ ಐದು ಪಟ್ಟು ಜಾಸ್ತಿ.

ಪರಿಶೀಲನೆ ಮಾಡಿದವರು ನನ್ನದೊಂದು ತಪ್ಪು ಹಿಡಿದರು. ಪ್ರತಿ ಶಾಟ್‌ನ 900 ಗ್ರಾಂ ರನ್ನರ್ ವಾಪಸ್ ಕರಗುತ್ತದಲ್ಲ, ಅದನ್ನು 'ಮರುಬಳಕೆಯ ಪಾಲು ಶೇ 40' ಅಂತ ಬೇರೆ ಕಾಲಂನಲ್ಲಿ ತೋರಿಸಿ ಇಂಗಾಟ್‌ನ ಲೆಕ್ಕದಿಂದ ಕಳೆದಿದ್ದೆ. ಹೊರಗಿನಿಂದ ಕೊಂಡದ್ದು 1.45 ಅಂತ ಲೆಕ್ಕ ಹಾಕುವಾಗಲೇ ಅದರ ಲಾಭ ಬಂದಾಗಿದೆ, ಮತ್ತೆ ಕಳೆದರೆ ಒಂದೇ ಲಾಭವನ್ನು ಎರಡು ಸಲ ತೆಗೆದುಕೊಂಡ ಹಾಗೆ. ನಮ್ಮದೇ ಫ್ಯಾಕ್ಟರಿಯೊಳಗೆ ಸುತ್ತುವ ಲೋಹವನ್ನು ಮರುಬಳಕೆ ಅನ್ನುವಂತಿಲ್ಲ ಅಂತ ಐಎಸ್‌ಒ 14021ರಲ್ಲೂ ಇದೆ. ನಿಜ ಹೇಳಬೇಕೆಂದರೆ ರನ್ನರ್ ಸುತ್ತಿದಷ್ಟೂ ಎಲ್‌ಪಿಜಿ ಖರ್ಚು ಜಾಸ್ತಿ, ಡ್ರಾಸ್ ಜಾಸ್ತಿ. ಸಿಎನ್‌ಸಿ ಚಿಪ್ಸ್ ಮಾರುತ್ತೇವೆ, ಅದಕ್ಕೂ ಕಳೆಯುವಂತಿಲ್ಲ ಅಂದರು, ಅದರ ಲಾಭ ಕೊಂಡು ಕರಗಿಸುವವರಿಗೆ. ಎಲ್ಲ ತಿದ್ದಿದೆ.

ಕೊನೆಯ ಅಂಕಿ 8 ಕೆಜಿ. ಇಂಗಾಟ್ 4.6, ಕರೆಂಟು 2.3, ಎಲ್‌ಪಿಜಿ 0.8, ಉಳಿದದ್ದು 0.3. ಆಗಸ್ಟ್ ಮೊದಲ ವಾರ ಕಳಿಸಿದೆವು. ಬೇರೆ ಕಡೆಯಿಂದ 4 ಕೆಜಿ ಅಂತ ಬಂದಿದೆ, ನಿಮ್ಮದು ಯಾಕೆ ಇಷ್ಟು ಅಂತ ಗ್ರಾಹಕರ ಖರೀದಿ ವಿಭಾಗದವರು ಕೇಳಿದರು. ನಾನು ಮಾಲೂರಿನ ರಿಜಿಸ್ಟರ್‌ನ ಲೆಕ್ಕ ಕಳಿಸಿ, ಆ 4 ಕೆಜಿಯವರ ಲೋಹದಲ್ಲಿ ಹೊಸದು ಎಷ್ಟು ಅಂತ ದಯವಿಟ್ಟು ಒಂದು ಸಲ ಕೇಳಿ ನೋಡಿ ಅಂತ ಬರೆದೆ. ಮೂರು ವಾರ ಉತ್ತರ ಇಲ್ಲ. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಆರ್ಡರ್ ಹೋದರೆ ನೂರ ಹತ್ತು ಮನೆಗಳ ಮಾತು. ಯಜಮಾನರು ಮಾತ್ರ ಒಂದು ದಿನವೂ ಅಂಕಿ ಬದಲಾಯಿಸು ಅನ್ನಲಿಲ್ಲ. ಕೊನೆಗೆ ಗ್ರಾಹಕರ ಕಡೆಯಿಂದ ಎಲ್ಲ ಸಪ್ಲೈಯರ್‌ಗಳಿಗೂ ಹೊಸ ಫಾರ್ಮ್ ಬಂತು. ಅದರಲ್ಲಿ 'ಮಿಶ್ರಲೋಹದಲ್ಲಿ ಹೊಸ ಅಲ್ಯೂಮಿನಿಯಂ ಶೇಕಡಾ ಎಷ್ಟು, ಆಧಾರ ಏನು' ಅನ್ನುವ ಸಾಲು ಸೇರಿತ್ತು.

ಗೇಟ್ ದಾಟಿದ ಮೇಲಿನದನ್ನೂ ನನ್ನ ಸಮಾಧಾನಕ್ಕೆ ಲೆಕ್ಕ ಹಾಕಿ ನೋಡಿದೆ. ಇದೇ ಹೌಸಿಂಗ್ ಬೀಡು ಕಬ್ಬಿಣದ್ದಾಗಿದ್ದರೆ 1.6 ಕೆಜಿ ಜಾಸ್ತಿ ತೂಗುತ್ತಿತ್ತು. 100 ಕೆಜಿ ಇಳಿದರೆ 100 ಕಿಮೀಗೆ 0.15ರಿಂದ 0.35 ಲೀಟರ್ ಪೆಟ್ರೋಲ್ ಉಳಿಯುತ್ತದೆ ಅಂತ ಹಿಡಿದರೆ, 2 ಲಕ್ಷ ಕಿಮೀ ಓಡುವಷ್ಟರಲ್ಲಿ ನಮ್ಮ ಹೌಸಿಂಗ್ ಉಳಿಸುವುದು 11ರಿಂದ 26 ಕೆಜಿ ಕಾರ್ಬನ್. ಅದೇ ಇಡೀ ಲೋಹ ಹೊಸದಾಗಿದ್ದರೆ ಮಾಡುವಾಗಲೇ ಅಷ್ಟೆಲ್ಲ ಮುಗಿದುಹೋಗಿರುತ್ತಿತ್ತು. ಇನ್ನೊಂದು ಲೆಕ್ಕ ನನಗೆ ಇವತ್ತಿಗೂ ಚುಚ್ಚುತ್ತದೆ. ಹಡಗಿನಲ್ಲಿ ಹೋದರೆ ಒಂದು ಹೌಸಿಂಗ್‌ಗೆ ಕಾಲು ಕೆಜಿ ಆಸುಪಾಸು. ತಡವಾಯಿತು ಅಂತ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಕಳಿಸಿದರೆ 7ರಿಂದ 11 ಕೆಜಿ. 2024ರಲ್ಲಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿದ್ದಾಗ ನಾವು ಎರಡು ಸಲ ಹಾಗೆ ಕಳಿಸಬೇಕಾಯಿತು. ಆರು ತಿಂಗಳು ಗ್ರಾಂ ಗ್ರಾಂ ತೂಗಿದ್ದಕ್ಕಿಂತ ಜಾಸ್ತಿ ಒಂದೇ ರಾತ್ರಿಯಲ್ಲಿ ಹೋಯಿತು.

ಲೆಕ್ಕ ಮುಗಿದ ಮೇಲೆ ಫರ್ನೇಸ್ ಕಡೆ ಕೈ ಹಾಕಿದೆವು. ಭಾನುವಾರ ಲೋಹದ ಬಿಸಿಯನ್ನು 660 ಡಿಗ್ರಿಯಿಂದ 600ಕ್ಕೆ ಇಳಿಸೋಣ ಅಂತ ಹೇಳಿದ್ದು ನಾನು. ಗದಗದ ಅಣ್ಣ ಬ್ಯಾಡ್ರಿ ಅಂದಿದ್ದರು. ಸೋಮವಾರ ಸಿಎನ್‌ಸಿಯಲ್ಲಿ ಲೋಹ ಕೊರೆಯುವ ಮೊನೆಗಳು, ಅಂದರೆ ಟೂಲ್ ಇನ್ಸರ್ಟ್‌ಗಳು, ಒಂದರ ಹಿಂದೆ ಒಂದು ಮುರಿದವು. ಬಿಸಿ ಅಷ್ಟು ಇಳಿದರೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಸೇರಿ ಗಟ್ಟಿ ಹರಳುಗಳಾಗಿ ತಳದಲ್ಲಿ ಕೂರುತ್ತವೆ, ಅವು ಕಾಸ್ಟಿಂಗ್‌ಗೆ ಬಂದರೆ ಕಲ್ಲಿನ ಹಾಗೆ. ಆ ದಿನ ರಿಜೆಕ್ಟ್ ಆದ ಪೀಸ್‌ಗಳ ಕಾರ್ಬನ್ ಹಿಡಿದರೆ ಎಷ್ಟೋ ಭಾನುವಾರಗಳ ಉಳಿತಾಯ ಹೋಯಿತು. ಆಮೇಲೆ ಅವರು ಹೇಳಿದ ಹಾಗೇ ಮಾಡಿದೆವು. 630ಕ್ಕೆ ನಿಲ್ಲಿಸಿ, ಮೇಲೆ ಸೆರಾಮಿಕ್ ಫೈಬರ್ ಹಾಕಿದ ಮುಚ್ಚಳ. ಕೆಲಸದ ದಿನವೂ ಶಾಟ್ ಇಲ್ಲದಾಗ ಮುಚ್ಚಳ ಹಾಕುತ್ತಾರೆ. ಹೋಲ್ಡಿಂಗ್ ಕರೆಂಟು ಕಾಲು ಭಾಗ ಕಡಿಮೆಯಾಯಿತು. 23 ಲೀಕ್‌ಗಳನ್ನೂ ಮುಚ್ಚಿದೆವು. ಹೌಸಿಂಗ್ ಒಂದಕ್ಕೆ ಲೆಕ್ಕ ಹಾಕಿದರೆ ಇದೆಲ್ಲದರ ಉಳಿತಾಯ 0.2 ಕೆಜಿಯೂ ಬರುವುದಿಲ್ಲ. ಕರೆಂಟ್ ಬಿಲ್ ಇಳಿದದ್ದು ಬೇರೆ ಸಂತೋಷ.

ಮಾಲೂರಿನವರು ಸ್ಕ್ರಾಪ್ ಬೆಲ್ಟ್ ಮೇಲೆ ಒಂದು ದೊಡ್ಡ ಅಯಸ್ಕಾಂತ ಹಾಕಿಸಿದರು, ಟೆನ್ಸ್ ರಾಶಿಯ ಬೋಲ್ಟು, ಲೈನರ್ ಬಿಡಿಸಲು ನಾಲ್ಕು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಕಬ್ಬಿಣ ಕಡಿಮೆ ಬಂದಷ್ಟೂ ಹೊಸ ಲೋಹ ಕೊಳ್ಳುವ ದುಡ್ಡು ಅವರಿಗೂ ಉಳಿಯುತ್ತದೆ. ಮೆಲ್ಟ್ ರಿಜಿಸ್ಟರ್‌ನಲ್ಲಿ ಈಗ ಕೊನೆಗೊಂದು ಕಾಲಂ ಎಳೆದಿದ್ದಾರೆ, ಹೊಸ ಲೋಹ ಶೇಕಡಾ ಎಷ್ಟು ಅಂತ. ತಿಂಗಳ ಮೊದಲ ವಾರ ಆ ಪುಟದ ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬರುತ್ತದೆ. ಈ ಸಲ 9 ಅಂತ ಇತ್ತು. ಹೌಸಿಂಗ್ ಒಂದಕ್ಕೆ ಮುಕ್ಕಾಲು ಕೆಜಿ ಹತ್ತಿರ ಇಳಿದಿದೆ. ಫೋಟೋವನ್ನು ಫರ್ನೇಸ್ ಹತ್ತಿರ ತಗೊಂಡು ಹೋಗಿ ಅಣ್ಣನಿಗೂ ತೋರಿಸಿದೆ.